ಹಗ್ಗದ ಕುಮಾರ ಮತ್ತು ಕಾದ ಸೌಟು

ಒಂದು ಊರಿನ ರಾಣಿ ಮಗುವಿನ ಬದಲು ಒಂದು ಹಗ್ಗವನ್ನು ಹಡೆದಳು. ಕೈಯಿಲ್ಲ, ಕಾಲಿಲ್ಲ, ಮುಖವಿಲ್ಲ, ಬರೀ ಉದ್ದ. ಹೆದರಿದ ಸೂಲಗಿತ್ತಿ ಅದನ್ನು ಅರಮನೆಯ ಹಿಂದಿನ ಹೊಂಡಕ್ಕೆ ಎಸೆದಳು. ನೀರಿಗೆ ಬಿದ್ದದ್ದೇ ತಡ, ಹಗ್ಗ ತನ್ನಷ್ಟಕ್ಕೆ ತಾನೇ ಸುತ್ತಿಕೊಂಡಿತು, ಮಡಚಿಕೊಂಡಿತು, ಇಲ್ಲಿ ಒಳಸೇರಿ ಅಲ್ಲಿ ಹೊರಬಂದು, ಕಣ್ಣು ಪಿಳುಕಿಸುವುದರೊಳಗೆ ಹುಡುಗನಾಗಿ ಮೆಟ್ಟಿಲ ಮೇಲೆ ಬಂದು ಕುಳಿತಿತು. ಅವನ ಅಂಗೈಯಲ್ಲಿ ಒಂದು ಕುಳಿ. ಆ ಕುಳಿಯಲ್ಲಿ ವಿಷದ ಕಾಯಿ ಇಟ್ಟರೆ ಸಿಹಿಯಾಗುತ್ತಿತ್ತು. ಅವನು ಬೆಂಕಿಯ ಹತ್ತಿರ ಮಾತ್ರ ಸುಳಿಯುವಂತಿರಲಿಲ್ಲ. ಬೆಂಕಿ ಕಂಡರೆ ಮತ್ತೆ ಹಗ್ಗ.

ಈ ಕತೆಯನ್ನು ನನಗೆ ಹೇಳಿದವಳು ಆಯಿ, ನಮ್ಮಪ್ಪನ ತಾಯಿ. ಮೊಸರನ್ನ ಕಲಸಿ ತುತ್ತು ಬಾಯಿಗಿಡುತ್ತಾ ಹೇಳುತ್ತಿದ್ದಳು. ನಾನು ತುತ್ತು ನುಂಗದೆ ದವಡೆಯಲ್ಲಿ ಇಟ್ಟುಕೊಂಡರೆ ಕುಮಾರ ಹೊಂಡದಲ್ಲೇ ಉಳಿಯುತ್ತಿದ್ದ. ಅವನಿಗಾಗಿ ನಾನು ಎಷ್ಟು ತುತ್ತು ನುಂಗಿದ್ದೇನೋ.

ಎಷ್ಟೋ ವರ್ಷಗಳ ಮೇಲೆ, ಧಾರವಾಡದ ಹೊರವಲಯದ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಅವನನ್ನು ಕಂಡೆ.

ಪ್ರೊಟೀನು ಮಡಚಿಕೊಳ್ಳುವುದನ್ನು ನೋಡಲೆಂದೇ ಅಲ್ಲೊಂದು ಮಡಿಕೆ ಕೋಣೆಯಿದೆ. ಕಿಟಕಿಯಿಲ್ಲದ ಗುಂಡನೆಯ ಕತ್ತಲ ಕೋಣೆ. ಪಕ್ಕದ ಯಂತ್ರದಲ್ಲಿ ಒಂದೇ ಒಂದು ಪ್ರೊಟೀನ್ ಅಣುವನ್ನು ಬೆಳಕಿನ ಚಿಮಟದಿಂದ ಹಿಡಿದಿರುತ್ತಾರೆ. ಅದರ ಒಂದೊಂದು ಅಲುಗಾಟವನ್ನೂ ಯಂತ್ರ ಓದಿ, ಹತ್ತಾರು ಕೋಟಿ ಪಟ್ಟು ಹಿಗ್ಗಿಸಿ, ಲಕ್ಷ ಪಟ್ಟು ನಿಧಾನಿಸಿ, ಕೋಣೆಯ ಗಾಳಿಯಲ್ಲಿ ಬೆಳಕಾಗಿ ಬಿಡಿಸುತ್ತದೆ. ನೀವು ಅದರ ನಡುವೆ ಓಡಾಡಬಹುದು. ಆ ದಿನ ನನ್ನ ಕಣ್ಣೆದುರು ಒಂದು ಉದ್ದನೆಯ ಎಳೆ ತೇಲುತ್ತಿತ್ತು. ಇಪ್ಪತ್ತು ಬಗೆಯ ಮಣಿಗಳನ್ನು, ಅಂದರೆ ಅಮೈನೊ ಆಮ್ಲಗಳನ್ನು, ಯಾವುದೋ ಒಂದು ಕ್ರಮದಲ್ಲಿ ಪೋಣಿಸಿದ ಸರ. ನೋಡುನೋಡುತ್ತಿದ್ದಂತೆ ನೀರಿಗೆ ಹೇಸುವ ಮಣಿಗಳು ಒಳಕ್ಕೆ ಓಡಿದವು, ನೀರನ್ನು ಪ್ರೀತಿಸುವವು ಹೊರಗೆ ನಿಂತವು. ಒಂದು ಕಡೆ ಎಳೆ ಬಳ್ಳಿಯಂತೆ ಸುರುಳಿ ಸುತ್ತಿತು, ಇನ್ನೊಂದು ಕಡೆ ಸೀರೆಯ ನೆರಿಗೆಯಂತೆ ಸಾಲಾಗಿ ನಿಂತಿತು. ಕೊನೆಗೆ ಇಡೀ ಸರ ಒಮ್ಮೆ ನಡುಗಿ, ಒಂದು ಆಕಾರಕ್ಕೆ ಕೂತುಬಿಟ್ಟಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಮಣಿ ಪೋಣಿಸಿದ ಕ್ರಮವೇ ಅದಕ್ಕೆ ಗೊತ್ತಿದ್ದ ಪಾಠ. ಅದರ ಮೈಯಲ್ಲೊಂದು ಕುಳಿಯಿತ್ತು.

"ಹಗ್ಗದ ಕುಮಾರ!" ಎಂದು ನಾನು ಕೂಗಿಯೇಬಿಟ್ಟೆ.

ಕತ್ತಲೊಳಗಿಂದ ನಮ್ಮ ಮುಖ್ಯಸ್ಥೆ ಶಶಿರೇಖಾ ಕಮತರ ಮೇಡಂ ಕೇಳಿದರು: "ಯಾರವಾ ಅಂವ, ದಾನೇಶ್ವರಿ? ನಿಮ್ಮ ಓಣಿಯಾಂವೇನು?"

ನಾನು ನಾಚಿ ಕತೆ ಹೇಳಿದೆ. ಅವರು ನಗಲಿಲ್ಲ. "ನಿಮ್ಮ ಆಯಿನ್ನ ಕರಕೊಂಡು ಬರಬೇಕಿತ್ತು, ನೀ ಯಾಕ ಬಂದಿ?" ಎಂದರು.

ನಾನು ಬಂದದ್ದು ಮುಕ್ತಾಳಿಗಾಗಿ. ಮುಕ್ತಾ ನಮ್ಮಣ್ಣನ ಮಗಳು, ಒಂದನೇ ಇಯತ್ತೆ. ಅವಳ ಮೈಯಲ್ಲಿ ಹುಟ್ಟಿನಿಂದಲೂ ಒಂದೇ ಒಂದು ಕಿಣ್ವ ಕೆಲಸ ಮಾಡುವುದಿಲ್ಲ. ಕಿಣ್ವವೂ ಒಂದು ಪ್ರೊಟೀನೇ. ತನ್ನ ಕುಳಿಗೆ ಸರಿಯಾಗಿ ಕೂರುವ ಕಣವನ್ನಷ್ಟೇ ಹಿಡಿದು, ಮುರಿದು, ಬಿಟ್ಟು, ಇನ್ನೊಂದಕ್ಕೆ ಬಾಯಿ ತೆರೆಯುವ ಪ್ರೊಟೀನು. ಮುಕ್ತಾಳ ಮೈಯಲ್ಲಿ ಇಲ್ಲದ್ದು ಫೆನೈಲ್‌ಅಲನೀನ್ ಎಂಬ ಮಣಿಯನ್ನು ಸಂಭಾಳಿಸುವ ಕಿಣ್ವ. ಬೇಳೆ, ಹಾಲು, ಶೇಂಗಾ, ಜೋಳ, ಎಲ್ಲದರಲ್ಲೂ ಆ ಮಣಿಯಿದೆ. ನಮಗೆ ಅದು ಊಟ. ಅವಳಲ್ಲಿ ಅದು ರಕ್ತದಲ್ಲಿ ಸೇರುತ್ತಾ ಹೋಗಿ ಮಿದುಳಿಗೆ ಮಂಜು ಕವಿಸುತ್ತದೆ. ಆದ್ದರಿಂದ ಅವಳಿಗೆ ಸಾಬೂದಾಣಿ, ಹಣ್ಣು, ಅಳೆದಿಟ್ಟ ಅನ್ನ, ಡಾಕ್ಟರು ಕೊಟ್ಟ ವಾಸನೆಯ ಪುಡಿ. ಓಣಿಯ ಮಕ್ಕಳು ಅವಳನ್ನು 'ದಿನಾ ಏಕಾದಶಿ' ಎಂದು ಕರೆಯುತ್ತಿದ್ದರು.

ನಾಗರಪಂಚಮಿ ಬಂತೆಂದರೆ ನಮ್ಮಲ್ಲಿ ಮನೆಮನೆಯಲ್ಲೂ ಉಂಡಿ: ಶೇಂಗಾ ಉಂಡಿ, ಎಳ್ಳುಂಡಿ, ಕಡಲೆ ಉಂಡಿ. ಮಕ್ಕಳು ಒಂದು ಕೈಯಲ್ಲಿ ಉಂಡಿ, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಜೋಕಾಲಿ ಜೀಕುತ್ತಾರೆ. ಹೋದ ವರ್ಷ ಮುಕ್ತಾ ಎರಡೂ ಕೈಯಿಂದ ಹಗ್ಗ ಹಿಡಿದಿದ್ದಳು.

"ದಾನು ಅತ್ತಿ, ನಿಮ್ಮ ಔಷಧ ಬಂದ ಮ್ಯಾಲೆ ನಾ ಶೇಂಗಾ ಉಂಡಿ ತಿನ್ನಬೌದು?"

"ಬೌದವಾ."

"ಇಡೀದು?"

"ಇಡೀದು. ಬರೋ ಪಂಚಮಿಗೆ."

ನಾನು ಕೊಟ್ಟ ಮಾತು ಅದು.

ನಮ್ಮ ಔಷಧ ಒಂದು ಮೊಸರು. ಮೊಸರಿನ ಜೀವಾಣುವಿಗೆ ಬೇರೊಂದು ಕಿಣ್ವ ಮಾಡುವುದನ್ನು ಕಲಿಸಿದ್ದೆವು. ಅದು ಕರುಳಿನಲ್ಲೇ ಫೆನೈಲ್‌ಅಲನೀನನ್ನು ಹಿಡಿದು ಮುರಿಯುತ್ತದೆ. ಮೊಸರಿನಲ್ಲೂ ಆ ಮಣಿ ಇದೆಯಲ್ಲ ಎಂದು ವೈನಿ, ಅಂದರೆ ಮುಕ್ತಾಳ ತಾಯಿ, ಮೊದಲೇ ಕೇಳಿದ್ದಳು. ಇದೆ, ಅದನ್ನು ತಿಂದು ಮುಗಿಸಿ ಆಮೇಲೂ ಅದರ ಹಸಿವು ಹಿಂಗುವುದಿಲ್ಲ ಎಂದಿದ್ದೆ. ಆ ಕಿಣ್ವವನ್ನು ಮಡಿಕೆ ಕೋಣೆಯಲ್ಲಿ ಎಷ್ಟು ಸಲ ನೋಡಿದರೂ ನನಗೆ ಸಾಕಾಗುತ್ತಿರಲಿಲ್ಲ. ಅದು ಒಂಟಿಯಲ್ಲ. ನಾಲ್ಕು ಸರಗಳು ಮಡಚಿಕೊಂಡು ಒಂದನ್ನೊಂದು ತಬ್ಬಿದ ಮೇಲೆಯೇ ಅದಕ್ಕೆ ಬಾಯಿ ಹುಟ್ಟುತ್ತದೆ; ಒಂದೊಂದು ಬಾಯಿಗೂ ಮೂರು ಸರಗಳ ಪಾಲು. ಕಣವನ್ನು ಮುರಿಯಲು ಬೇಕಾದ ಹಲ್ಲನ್ನು ಅದು ಯಾರಿಂದಲೂ ಕಡ ತರುವುದಿಲ್ಲ, ತನ್ನದೇ ಮೂರು ಮಣಿಗಳನ್ನು ಬಾಗಿಸಿ ಉಂಗುರ ಮಾಡಿಕೊಳ್ಳುತ್ತದೆ. ಬಾಯಿಯ ಮೇಲೊಂದು ಸಣ್ಣ ಮುಚ್ಚಳ. ಮುಚ್ಚಳ ಏಳುತ್ತದೆ, ಕಣ ಒಳಗೆ ಹೋಗುತ್ತದೆ, ಮುಚ್ಚಳ ಬೀಳುತ್ತದೆ. ಕಣ ಎರಡು ಹೋಳಾಗಿ ಹೊರಬರುತ್ತದೆ. ಅದರಲ್ಲೊಂದು ಹೋಳು ದಾಲ್ಚಿನ್ನಿಯ ಬಂಧು. ಒಳ್ಳೆಯ ಕಿಣ್ವವಿರುವ ಬಟ್ಟಲಿಗೆ ಫೆನೈಲ್‌ಅಲನೀನ್ ಪುಡಿ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಸಣ್ಣಗೆ ಜೇನು ಕಲಸಿದ ದಾಲ್ಚಿನ್ನಿಯ ಪರಿಮಳ ಏಳುತ್ತಿತ್ತು.

ಪ್ರಯೋಗಾಲಯದಲ್ಲಿ ಪರಿಮಳ ಘಮಘಮ. ಮನೆಗಳಲ್ಲಿ ಏನೂ ಇಲ್ಲ.

ಮುಕ್ತಾಳಂತಹ ಮಕ್ಕಳಿದ್ದು ಪ್ರಯೋಗಕ್ಕೆ ಒಪ್ಪಿದ ಮನೆಗಳಿಗೆ ಈ ಮೊಸರಿನ ಹೆಪ್ಪು ಹೋಗಿ ಬಹಳ ದಿನಗಳಾಗಿದ್ದವು. ಮಕ್ಕಳ ಬೆರಳಿನ ಒಂದು ಹನಿ ರಕ್ತಕ್ಕೆ ಕಾಗದದ ಪಟ್ಟಿ ಹಸಿರಾಗುತ್ತದೆ, ಗಾಢವಾದಷ್ಟೂ ಕೆಟ್ಟದ್ದು. ಮುಕ್ತಾಳ ಪಟ್ಟಿ ಕರಿಬೇವಿನ ಬಣ್ಣದಲ್ಲೇ ಇತ್ತು. ಉಳಿದ ಮನೆಗಳಲ್ಲೂ ಹೆಚ್ಚುಕಡಿಮೆ ಅದೇ.

"ಇಲ್ಲಿದ್ದಾಗ ಪೈಲ್ವಾನ," ಎಂದರು ಮೇಡಂ ಪಟ್ಟಿಗಳನ್ನು ಮೇಜಿನ ಮೇಲೆ ಹರಡಿ. "ಮನಿಗೆ ಹೋದಕೂಡ್ಲೆ ಜ್ವರ ಬಂದವರಂಗ ಮಲಗತಾನ. ಶ್ರಾವಣ ಮುಗಿಯೂದ್ರಾಗ ಪಟ್ಟಿ ತಿಳಿ ಆಗಲಿಲ್ಲಂದ್ರ ಈ ಪ್ರಯೋಗ ಬಂದ್ ಮಾಡ್ರಿ ಅಂತ ಮ್ಯಾಲಿನವರು ಹೇಳ್ಯಾರ."

"ಮೊಸರು ಕಾಯಿಸಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳೇವ್ರಿ ಮೇಡಂ."

"ಕಾಯಿಸಿಲ್ಲ ಅಂತ ಎಲ್ಲಾರೂ ಹೇಳ್ಯಾರ. ಹೋಗಿ ನೋಡು. ನಿಮ್ಮ ಮನ್ಯಾಗಿಂದನ ಸುರು ಮಾಡು."

ಕಾರಹುಣ್ಣಿಮೆ ಆಗಿ, ಮಳೆ ಹಿಡಿದಿತ್ತು. ಮರುದಿನ ಮಧ್ಯಾಹ್ನ ನಾನು ಊಟದ ಹೊತ್ತಿಗೆ ಮನೆಗೆ ಬಂದೆ. ಬೆಳಿಗ್ಗೆ ಬೇಗ ಹೋಗಿ ಸಂಜೆ ಬರುವ ನನಗೆ ಮುಕ್ತಾ ಮೊಸರು ತಿನ್ನುವುದನ್ನು ನೋಡುವ ಭಾಗ್ಯವೇ ಸಿಕ್ಕಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಆಯಿ ಗೋಡೆಗೆ ಒರಗಿ ಕುಳಿತಿದ್ದಳು. ಮುಕ್ತಾ ಅವಳ ತೊಡೆಗೆ ಅಂಟಿಕೊಂಡಿದ್ದಳು. ಬೆಳ್ಳಿಯ ಬಟ್ಟಲಲ್ಲಿ ನಮ್ಮ ಮೊಸರು, ನಾಲ್ಕೇ ಚಮಚ, ಗಟ್ಟಿಯಾಗಿ, ಚಂದವಾಗಿ ಹೆಪ್ಪುಗಟ್ಟಿತ್ತು.

"ಹಂಗಾರ ಹಗ್ಗ ನೀರಿಗೆ ಬಿತ್ತಾ?" ಎಂದಳು ಮುಕ್ತಾ.

"ತಡಿಯವಾ, ಬೀಳಸ್ತೀನಿ," ಎಂದು ಆಯಿ ಎದ್ದಳು. ಒಲೆಯ ಉರಿಯ ಮೇಲೆ ಕಬ್ಬಿಣದ ಒಗ್ಗರಣೆ ಸೌಟಿತ್ತು. ತಳ ಕೆಂಪಗಾಗಿತ್ತು. ಸೆರಗಿನಿಂದ ಅದರ ಹಿಡಿಕೆ ಹಿಡಿದು ತಂದು, ಬಟ್ಟಲಿನ ಮೊಸರಿನಲ್ಲಿ ಅದ್ದಿದಳು.

ಚುಯ್!

"ಬಿತ್ತು!" ಎಂದು ಮುಕ್ತಾ ಚಪ್ಪಾಳೆ ತಟ್ಟಿದಳು.

ಸೌಟು ಮೇಲೆದ್ದಾಗ ಅದರ ಅಂಚಿಗೆ ಬಿಳಿ ಕೆನೆಯಂತಹದು ಒಡೆದು ಅಂಟಿಕೊಂಡಿತ್ತು. ಬಟ್ಟಲಿನಿಂದ ಹಬೆ ಏಳುತ್ತಿತ್ತು. ಆ ಬಿಳಿ ಚೂರುಗಳಲ್ಲಿ ನನಗೆ ಕಂಡದ್ದು ಮಡಿಕೆ ಬಿಚ್ಚಿ, ಒಂದಕ್ಕೊಂದು ಸಿಕ್ಕುಹಾಕಿಕೊಂಡ ಸಾವಿರ ಕೋಟಿ ಹಗ್ಗಗಳು.

"ಆಯಿ, ಮಸರು ಕಾಸಿದೇನ?" ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

"ಎಲ್ಲೆ ಕಾಸೀನಿ? ಒಲಿ ಮ್ಯಾಲೆ ಇಟ್ಟೇ ಇಲ್ಲ. ಶೀತ ತಗದೀನಿ ಅಷ್ಟ. ಈ ಮಳಿಯಾಗ ಕೂಸಿಗೆ ತಣ್ಣಂದು ಮಸರು ಹ್ಯಾಂಗ ಕೊಡೂದವಾ? ನಿನಗೂ ಹಿಂಗ ಕೊಟ್ಟು ಬೆಳಸೀನಿ. ಒಂದರ ಸಲ ಕೆಮ್ಮಿದ್ದೇನು ನೀನು?"

ಕೆಮ್ಮಿರಲಿಲ್ಲ. ಮುಕ್ತಾ ತುತ್ತಿಗೆ ಬಾಯಿ ತೆರೆದಳು. ಆ ಬಟ್ಟಲಲ್ಲಿ ಉಳಿದದ್ದನ್ನು ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ಫೆನೈಲ್‌ಅಲನೀನ್ ಪುಡಿ ಹಾಕಿ ಸಂಜೆಯವರೆಗೆ ಮೂಸಿದೆ. ಬರೀ ಮೊಸರಿನ ವಾಸನೆ.

ಉಳಿದ ಮನೆಗಳಿಗೂ ಹೋದೆವು. ಈ ಸಲ ಕಾಯಿಸಿದಿರಾ ಎಂದು ಕೇಳಲಿಲ್ಲ, ಹೇಗೆ ತಿನ್ನಿಸುತ್ತೀರಿ ತೋರಿಸಿ ಎಂದೆವು. ಹಳೇ ಹುಬ್ಬಳ್ಳಿಯ ಒಬ್ಬ ತಾಯಿ ಹೊಗೆಯಾಡುವ ಅನ್ನದ ನಡುವೆ ಗುಣಿ ಮಾಡಿ ಮೊಸರು ಹುಗಿದಿಟ್ಟಳು. ನವಲಗುಂದದ ಅಪ್ಪನೊಬ್ಬ ಬಟ್ಟಲನ್ನು ಕುದಿನೀರಿನಲ್ಲಿ ಕೂರಿಸಿದ. ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರೂ ಶೀತ ತೆಗೆದಿದ್ದರು, ಅಷ್ಟೆ.

"ಮುಗೀತಲ್ಲ," ಎಂದರು ಮೇಡಂ. "ಶೀತ ತಗೀಬ್ಯಾಡ್ರಿ ಅಂತ ಹೇಳಿಬಿಡೂಣು."

ಅಷ್ಟು ಸುಲಭವಾಗಿ ಮುಗಿಯಲಿಲ್ಲ. ನಾನು ಮೆತ್ತಗೆ ಹೇಳಬೇಕೆಂದು ಕಾಯುತ್ತಿರುವಾಗಲೇ, ನನ್ನಿಂದ ವಿಷಯ ತಿಳಿದಿದ್ದ ವೈನಿ, ಪಾಪ, ಪಟ್ಟಿಯ ಹಸಿರು ನೋಡಿ ನೋಡಿ ಬೇಸತ್ತಿದ್ದವಳು, ಆಯಿಯ ಎದುರು ಅಂದುಬಿಟ್ಟಳು: "ಅತ್ತೀರಿ, ಔಷಧ ಸುಟ್ಟು ಸುಟ್ಟು ಕೊಟ್ಟೀರಿ ನೀವು. ಅದಕ್ಕ ಹತ್ತಿಲ್ಲ." ತನ್ನ ಗಂಡನ ಅಜ್ಜಿಯನ್ನು ಅವಳು ಅತ್ತಿ ಎಂದೇ ಕರೆಯುತ್ತಿದ್ದಳು.

ಆಯಿ ಒಲೆಯ ಬಳಿಗೆ ಹೋದಳು. ಸೌಟನ್ನು ತೊಳೆದು, ಒರೆಸಿ, ಅಟ್ಟದ ಮೇಲೆ ಇಟ್ಟಳು. ಮರುದಿನದಿಂದ ಅಡುಗೆಮನೆಗೆ ಬಂದರೂ ಮುಕ್ತಾಳ ಬಟ್ಟಲು ಮುಟ್ಟಲಿಲ್ಲ. "ನನ್ನ ಕೈ ಸುಮಾರ ಐತವಾ, ನಿಮ್ಮವ್ವನ ಕಡೆ ತಿನ್ನು" ಎಂದು ಪಡಸಾಲೆಗೆ ಹೋಗಿ ಕೂತಳು.

ಮುಕ್ತಾ ತಣ್ಣನೆಯ ಮೊಸರನ್ನು ಬಾಯಿಗೆ ಸೇರಿಸಲಿಲ್ಲ. ವೈನಿ ರಮಿಸಿದಳು, ಗದರಿದಳು, ಮೂಗು ಹಿಡಿದಳು. ನಾನು ಕತೆ ಹೇಳಿದೆ.

"ಚುಯ್ ಅನಸ್ರಿ," ಎಂದಳು ಮುಕ್ತಾ ಹಲ್ಲು ಕಚ್ಚಿಕೊಂಡು.

"ಚುಯ್," ಎಂದೆ ನಾನು ಬಾಯಿಯಿಂದ.

"ಸುಳ್ಳ ಚುಯ್! ಹಗ್ಗ ನೀರಿಗೆ ಬಿದ್ದೇ ಇಲ್ಲ!"

ಬಲವಂತಕ್ಕೆ ಒಳಹೋದ ಎರಡು ಚಮಚವೂ ವಾಂತಿಯಾಗಿ ಹೊರಬಂತು. ಪಟ್ಟಿ ಇನ್ನಷ್ಟು ಗಾಢವಾಯಿತು. ಶಾಲೆಯಲ್ಲಿ ಮುಕ್ತಾ ತನ್ನ ಹೆಸರಿನ ಅಕ್ಷರ ಮರೆತು ಅತ್ತಳೆಂದು ಅವಳ ಟೀಚರು ಹೇಳಿಕಳಿಸಿದರು. ಆ ದಿನ ನಾನು ಅಟ್ಟ ಹತ್ತಿ ಸೌಟನ್ನು ಇಳಿಸಿ, ಚೀಲದಲ್ಲಿಟ್ಟುಕೊಂಡು, ಪ್ರಯೋಗಾಲಯಕ್ಕೆ ಹೋದೆ.

"ಮೇಡಂ, ಮನಿನ್ನ ಬದಲು ಮಾಡಾಕ ಆಗೂದಿಲ್ರಿ. ಕಿಣ್ವಾನ ಬದಲು ಮಾಡೂಣ್ರಿ. ಈ ಸೌಟು ಅದ್ದಿದ ಮ್ಯಾಲೂ ಪರಿಮಳ ಬರಬೇಕು."

ಅವರು ಸೌಟನ್ನು ತಿರುಗಿಸಿ ನೋಡಿದರು. "ನಿಮ್ಮ ಆಯೀದು?"

"ಹೌದ್ರಿ."

"ಕೇಳಿ ತಂದೀಯೋ, ಕದ್ದು ತಂದೀಯೋ?"

ನಾನು ನೆಲ ನೋಡಿದೆ.

"ಇರಲಿ. ಬರ್ನರ್ ಹಚ್ಚು."

ಮಡಿಕೆ ಕೋಣೆಯಲ್ಲಿ ಶಾಖ ಏರಿಸುತ್ತಾ ನಮ್ಮ ಕಿಣ್ವ ಬಿಚ್ಚಿಕೊಳ್ಳುವುದನ್ನು ನಿಧಾನವಾಗಿ ನೋಡಿದೆವು. ಎಲ್ಲಾ ಒಮ್ಮೆಲೇ ಬಿಚ್ಚುವುದಿಲ್ಲ. ಮೊದಲು ಬಾಯಿಯ ಮುಚ್ಚಳ ಹುಚ್ಚುಹುಚ್ಚಾಗಿ ಬಡಿದುಕೊಳ್ಳುತ್ತದೆ. ಆ ಎಳೆತಕ್ಕೆ ಬುಡ ಸಡಿಲುತ್ತದೆ, ತಬ್ಬಿಕೊಂಡಿದ್ದ ನಾಲ್ಕು ಸರಗಳ ಅಪ್ಪುಗೆ ಬಿಡುತ್ತದೆ. ಒಳಗೆ ಬಚ್ಚಿಟ್ಟುಕೊಂಡಿದ್ದ ನೀರು ಹೇಸುವ ಮಣಿಗಳು ಬಯಲಿಗೆ ಬಂದು, ಗಾಬರಿಯಲ್ಲಿ ಪಕ್ಕದ ಸರದ ಮಣಿಗಳಿಗೆ ಅಂಟಿಕೊಳ್ಳುತ್ತವೆ. ಬೆಂದ ತತ್ತಿಯಂತೆ. ಆಮೇಲೆ ಎಷ್ಟು ತಣ್ಣಗಾದರೂ ಮರಳಿ ಬರುವುದಿಲ್ಲ. ಅದನ್ನು ನೋಡುವಾಗಲೂ ನನಗೆ ಅದರ ಮೇಲೆ ಅಭಿಮಾನವೇ ಉಕ್ಕುತ್ತಿತ್ತು. ಕೊನೆಯ ಗಳಿಗೆಯವರೆಗೂ ಅದು ತನ್ನ ಆಕಾರಕ್ಕೆ ಮರಳಲು ಒದ್ದಾಡುತ್ತಿತ್ತು.

ಮುಚ್ಚಳವನ್ನು ಬಿಗಿದುಬಿಡೋಣ ಎಂದುಕೊಂಡೆವು. ಮುಚ್ಚಳದ ಎರಡು ಮಣಿ ಬದಲಿಸಿ, ಗಟ್ಟಿ ಗಂಟು ಬೀಳುವಂತೆ ಹೊಸ ಸರ ಬರೆಸಿದೆವು. ಈಗ ಸರ ಬರೆಯುವ ಯಂತ್ರಕ್ಕೆ ಅದು ಒಂದು ದಿನದ ಕೆಲಸ. ಹೊಸ ಮೊಸರಿನಲ್ಲಿ ಸೌಟು ಅದ್ದಿದೆ. ಚುಯ್. ಕಿಣ್ವ ಜಪ್ಪೆನ್ನಲಿಲ್ಲ! ಆಕಾರ ಇದ್ದಹಾಗೇ ಇತ್ತು. ಪುಡಿ ಹಾಕಿ ಮೂಗು ಇಟ್ಟೆವು. ಪರಿಮಳವಿಲ್ಲ. ಬಿಗಿದ ಮುಚ್ಚಳ ಏಳುತ್ತಲೇ ಇರಲಿಲ್ಲ. ಬಾಯಿ ಕಟ್ಟಿದ ಕಿಣ್ವಕ್ಕೆ ಬಿಸಿಯೂ ತಾಗದು, ಊಟವೂ ತಾಗದು. ಗಂಟು ಸಡಿಲಿಸಿದರೆ ಸೌಟಿಗೆ ಸಾಯುತ್ತಿತ್ತು, ಬಿಗಿದರೆ ಸುಮ್ಮನೆ ಕೂರುತ್ತಿತ್ತು. ಆಷಾಢದ ಹುಣ್ಣಿಮೆಯವರೆಗೂ ಅದರಲ್ಲೇ ಕಳೆಯಿತು.

ಹುಣ್ಣಿಮೆ ಕಳೆದ ಮೇಲೆ ಒಂದು ದಿನ ನಮ್ಮಣ್ಣ ಪಂಚಮಿಗೆಂದು ಮೊದಲೇ ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದ. ಮುಕ್ತಾ ಮಣೆಯ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಪಡಸಾಲೆಯಿಂದ ಆಯಿ ಕೂಗಿದಳು, "ಏ, ಮ್ಯಾಲೆ ಟೊಂಗಿಗೆ ಬಿಗಿ ಜಗ್ಗಿ ಕಟ್ಟೋ! ಕೂಸು ಕುಂದ್ರತೈತಿ!" ಅಣ್ಣ ಟೊಂಗೆಗೆ ಎರಡು ಸುತ್ತು ಹಾಕಿ ಜಗ್ಗಿ ಬಿಗಿದ. ಕೆಳಗೆ ಮಣೆ ಗಾಳಿಯಂತೆ ಹಗುರವಾಗಿ ಹಾರಿತು.

ನಾನು ಜೋಕಾಲಿಯನ್ನೇ ನೋಡುತ್ತಾ ನಿಂತೆ. ಹಗ್ಗವನ್ನು ಟೊಂಗೆಗೆ ಎಷ್ಟು ಬಿಗಿದರೂ ಜೀಕು ನಿಲ್ಲುವುದಿಲ್ಲ. ನಾವು ಮಣೆಯನ್ನೇ ನೆಲಕ್ಕೆ ಕಟ್ಟಿಹಾಕಿದ್ದೆವು.

ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಮೇಡಂಗೆ ಫೋನು ಮಾಡಿದೆ. "ಮುಚ್ಚಳಾ ಬಿಟ್ಟುಬಿಡೂಣ್ರಿ. ಅದು ಆಡಲಿ. ನಾಕು ಸರ ತಬ್ಬಿಕೊಂಡಾವಲ್ಲರಿ, ಆ ಅಪ್ಪುಗೆ ಬಿಗಿ ಮಾಡೂಣ್ರಿ."

"ಜಲ್ದಿ ಬಾ," ಎಂದರು ಮೇಡಂ.

ಒಂದು ಸರದ ಮೈಯಿಂದ ಪಕ್ಕದ ಸರದ ಮೈಗೆ ಗಂಟು ಹಾಕಿದೆವು. ಮಡಿಕೆ ಕೋಣೆಯಲ್ಲಿ ಶಾಖ ಏರಿಸಿದಾಗ ಮುಚ್ಚಳ ಹುಚ್ಚೆದ್ದು ಬಡಿದುಕೊಂಡಿತು. ಬುಡ ಅಲುಗಿತು. ನಾಲ್ಕು ಸರಗಳು ಒಂದನ್ನೊಂದು ಹಿಡಿದುಕೊಂಡು ನಡುಗಿದವು, ನಡುಗಿದವು, ಬಿಡಲಿಲ್ಲ. ಸೌಟಿನ ಬಿಸಿ ಎಷ್ಟು ಹೊತ್ತಿನದು? ಬಟ್ಟಲು ತಣಿಯುತ್ತಿದ್ದಂತೆ ಮುಚ್ಚಳ ಶಾಂತವಾಗಿ, ಏನೂ ಆಗದವರಂತೆ, ಮತ್ತೆ ಏಳುವುದು ಬೀಳುವುದು ಶುರುಮಾಡಿತು. ಬಿಸಿಗೆ ಜೀವಾಣು ಸತ್ತರೂ ಅದರ ಸಣ್ಣ ಚೀಲದೊಳಗೆ ಕಿಣ್ವ ಬೆಚ್ಚಗೆ ಉಳಿದಿತ್ತು. ಹೊಟ್ಟೆಯ ಹುಳಿಯನ್ನು ದಾಟಲು ಆ ಚೀಲವೇ ಸಾಕು.

ಪುಡಿ ಹಾಕಿದ ಬಟ್ಟಲನ್ನು ಮೇಡಂ ಮೂಸಿದರು. ಕಣ್ಣು ಮುಚ್ಚಿಕೊಂಡರು. ಆಮೇಲೆ ಸಾಮಾನು ತರಿಸುವವರಿಗೆ ಫೋನಿನಲ್ಲಿ ಹೇಳುವುದು ನನಗೆ ಕೇಳಿಸಿತು: "ಒಗ್ಗರಣಿ ಸೌಟ್ರೀ. ಕಬ್ಬಿಣದ್ದು. ಸ್ಟೀಲಿಂದು ತಂದ್ರ ವಾಪಸ್ ಕಳಸ್ತೀನಿ."

ಕೃತಕ ಕರುಳಿನ ಯಂತ್ರದಲ್ಲಿ ಸುರಕ್ಷತೆಯ ಪರೀಕ್ಷೆಗಳು ಮುಗಿದು ಒಪ್ಪಿಗೆ ಬರುವಷ್ಟರಲ್ಲಿ ಪಂಚಮಿಗೆ ಒಂದೇ ವಾರ ಉಳಿದಿತ್ತು. ಹೊಸ ಹೆಪ್ಪಿನ ಡಬ್ಬಿ ಒಂದು ಕೈಯಲ್ಲಿ, ಸೌಟು ಇನ್ನೊಂದು ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ಆಯಿಯ ಮುಂದೆ ಕೂತೆ.

"ಅಟ್ಟದ ಮ್ಯಾಲಿಂದ ಇದು ಎಲ್ಲಿಗೆ ಹೋಗಿತ್ತು?" ಎಂದಳು ಆಯಿ.

"ಸಾಲಿ ಕಲಿಯಾಕ ಹೋಗಿತ್ತು."

"ಹಿಡಕಿಗೆ ಏನ ಇದು ಚೀಟಿ?"

"ಪ್ರಯೋಗಾಲಯದ ನಂಬರ್ರು. ಆಯಿ, ನೀ ಸೌಟು ಅದ್ದಿದ್ರ ಕೆಡದಂಥ ಮಸರು ಮಾಡೀವಿ. ಇನ್ನ ನಿನ್ನ ಕೈಲೇ ಕೊಡು."

ಅವಳು ನನ್ನ ಮುಖವನ್ನೇ ನೋಡಿದಳು. "ನನ್ನ ಸಮಾಧಾನಕ್ಕ ಹೇಳಾಕತ್ತೀಯೇನು? ಕೂಸಿನ ಜೀವದ ಮಾತು, ದಾನಿ."

"ನಿನಗ ಸುಳ್ಳು ಹೇಳಬೌದು. ಪಟ್ಟಿಗೆ ಹೇಳಾಕ ಬರೂದಿಲ್ಲ. ನೀನ ನೋಡು."

ಆಯಿ ಎದ್ದಳು. ಸೌಟನ್ನು ಉರಿಯ ಮೇಲಿಟ್ಟು ತಳ ಕೆಂಪಗಾಗುವವರೆಗೂ ಕಾದಳು. ಮುಕ್ತಾ ಓಡಿಬಂದು ಅವಳ ತೊಡೆಗೆ ಒರಗಿದಳು. ಚುಯ್. ಬಟ್ಟಲು ಖಾಲಿಯಾಯಿತು. ಮರುದಿನವೂ. ಪಟ್ಟಿಯ ಬಣ್ಣ ಕರಿಬೇವಿನಿಂದ ಎಳೆ ಸೌತೆಗೆ, ಸೌತೆಯಿಂದ ಅದರ ತಿರುಳಿಗೆ ಇಳಿಯಿತು. ದಿನವೂ ಆಯಿಯೇ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

ಪಂಚಮಿಯ ದಿನ ಪಟ್ಟಿ ಬಹುತೇಕ ಬೆಳ್ಳಗಿತ್ತು. ವೈನಿ ಅದನ್ನು ನೋಡಿ, ಉಂಡಿಯ ಡಬ್ಬಿಯನ್ನು ತೆಗೆದುಕೊಂಡು ನೇರ ಆಯಿಯ ಹತ್ತಿರ ಬಂದಳು. "ಅತ್ತೀರಿ, ನೀವ ಕೊಡ್ರಿ," ಎಂದಳು.

ಮುಕ್ತಾ ಜೋಕಾಲಿಯ ಮೇಲಿದ್ದಳು. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಶೇಂಗಾ ಉಂಡಿ, ಇಡಿಯದು. ಮೊದಲು ಅದನ್ನು ಮೂಸಿದಳು. ಆಮೇಲೆ ನಾಲಿಗೆಯ ತುದಿ ತಾಗಿಸಿದಳು. ಆಮೇಲೆ ಕಚ್ಚಿದಳು. ಬೆಲ್ಲ ಗಲ್ಲಕ್ಕೆ ಅಂಟಿತು. ಗೋಡೆಯಾಚೆಯಿಂದ ಯಾರೋ ಹುಡುಗ, "ಏ, ಇವತ್ತ ಏಕಾದಶಿ ಬಿಟ್ಟಿಯೇನ?" ಎಂದು ಕೂಗಿದ. ಅವಳು ಇನ್ನೊಂದು ತುಂಡು ಕಚ್ಚಿದಳು.

ನುಂಗಿದ ಮೇಲೆ ಆಯಿಯ ಕಡೆ ತಿರುಗಿದಳು. "ಆಯಿ, ಕತಿ ಪೂರಾ ಹೇಳು. ಹಗ್ಗದ ಕುಮಾರ ಬೆಂಕಿ ಕಂಡ. ಆಮ್ಯಾಲೆ?"

ಆಯಿ ಜೋಕಾಲಿಯನ್ನು ಮೆಲ್ಲಗೆ ನೂಕಿದಳು. ಅದು ಹೋಗಿ ಮರಳಿ ಬಂತು.

"ಬೆಂಕಿ ಕಂಡ," ಎಂದಳು. "ಒಂದೀಟ ನಡುಗಿದ, ಒಂದೀಟ ಬೆವತ. ಆಮ್ಯಾಲೆ ಮೆಟ್ಟಲ ಮ್ಯಾಲೆ ಕುಂತು ಉಂಡಿ ತಿಂದ."